ನೇರಳೆ ಬಣ್ಣ ಹಳದಿಯಾದರೆ ಏನು ಸಾಬೀತಾಯ್ತು? ಆಂಟಿಆಕ್ಸಿಡೆಂಟ್ ಅಳೆಯುವ ಬಗ್ಗೆ ಒಂದಿಷ್ಟು ಮಾತು

ಭಾನುವಾರ ಬೆಳಿಗ್ಗೆ, ಅದೂ ಪುಣೆಯ ಮಳೆಯಲ್ಲಿ, ಕೆಮಿಸ್ಟ್ರಿ ಕೇಳೋಕೆ ಇಷ್ಟು ಜನ ಬಂದಿದ್ದೀರಿ ಅಂದ್ರೆ ನನಗೇ ಆಶ್ಚರ್ಯ. ಉಪ್ಪಿಟ್ಟು, ಕಾಫಿ ಇದೆ ಅಂತ ಬಂದವರೂ ಇರಬಹುದು, ಪರವಾಗಿಲ್ಲ.

ನಾನು ಶಿರಸಿ ಕಡೆಯವಳು. ಈ ಊರಿಗೆ ಬಂದು ಹದಿನಾಲ್ಕು ವರ್ಷ ಆಯ್ತು. ನಿಮ್ಮಲ್ಲಿ ಹೆಚ್ಚಿನವರು ಕೋಡ್ ಬರೆಯೋರು, ಇಲ್ಲಾ ಬೇರೆಯವರ ಕೋಡ್ ಟೆಸ್ಟ್ ಮಾಡೋರು. ನಾನೂ ಟೆಸ್ಟರ್ರೇ. ನನ್ನ ಟೇಬಲ್ಲಿಗೆ ಬರೋದು ಸೊಪ್ಪು, ತೊಗಟೆ, ಬೇರು, ಹಣ್ಣಿನ ಸಿಪ್ಪೆ, ಅಷ್ಟೇ ವ್ಯತ್ಯಾಸ. ಆಹಾರ ಮತ್ತು ಗಿಡಮೂಲಿಕೆ ಪರೀಕ್ಷೆ ಮಾಡೋ ಒಂದು ಲ್ಯಾಬಿನಲ್ಲಿ ಅನಲಿಸ್ಟ್ ಆಗಿದ್ದೀನಿ.

ಆಂಟಿಆಕ್ಸಿಡೆಂಟ್ ಅನ್ನೋ ಪದ ನಿಮಗೆ ಹೊಸದಲ್ಲ. ಆಫೀಸಿನ ಪ್ಯಾಂಟ್ರಿಯ ಗ್ರೀನ್ ಟೀ ಪೊಟ್ಟಣದ ಮೇಲಿದೆ, ಮುಖಕ್ಕೆ ಹಚ್ಚೋ ಕ್ರೀಮಿನ ಮೇಲಿದೆ, ಊರಿನ ಫ್ಯಾಮಿಲಿ ಗ್ರೂಪಿನಲ್ಲಿ ಬೆಳಿಗ್ಗೆ ಆರು ಗಂಟೆಗೆ ಬರೋ ಫಾರ್ವರ್ಡ್‌ನಲ್ಲಂತೂ ಇದ್ದೇ ಇದೆ. ಶಾಲೆಯ ಪುಸ್ತಕದಲ್ಲಿ ಇದಕ್ಕೆ ‘ಉತ್ಕರ್ಷಣ ನಿರೋಧಕ’ ಅಂತ ಇತ್ತು. ಆ ಪದ ಹೇಳಿದ್ರೆ ಯಾರೂ ಪೌಡರ್ ಕೊಳ್ಳೋದಿಲ್ಲ, ಅದಕ್ಕೇ ಇರಬೇಕು ಇಂಗ್ಲಿಷ್ ಪದವೇ ಉಳಿದುಕೊಂಡಿದ್ದು.

ಆ ಫಾರ್ವರ್ಡ್‌ಗಳಲ್ಲಿ ಒಂದು ಅಂಕಿ ಇರುತ್ತೆ. ‘ಈ ಪುಡಿಯಲ್ಲಿ 95 ಪರ್ಸೆಂಟ್ ಆಂಟಿಆಕ್ಸಿಡೆಂಟ್ ಆಕ್ಟಿವಿಟಿ, ಲ್ಯಾಬ್ ಟೆಸ್ಟೆಡ್.’ ನಾನು ಮಾತಾಡಬೇಕು ಅಂದ್ಕೊಂಡಿರೋದು ಆ 95ರ ಬಗ್ಗೆ. ಅದು ನನ್ನಂಥವರ ಟೇಬಲ್ಲಿನಿಂದಲೇ ಹೊರಟ ಅಂಕಿ. ಕೇಳಿದವರು ನೂರು ಗ್ರಾಂ ಪುಡಿಯಲ್ಲಿ 95 ಗ್ರಾಂ ಏನೋ ಒಳ್ಳೇದಿದೆ ಅಂದ್ಕೋತಾರೆ. ಅಥವಾ ಮೈಯಲ್ಲಿರೋ ಕೆಟ್ಟದ್ದರಲ್ಲಿ 95 ಪಾಲು ಹೋಗುತ್ತೆ ಅಂದ್ಕೋತಾರೆ. ಎರಡೂ ಅಲ್ಲ. ಒಂದು ನೇರಳೆ ಬಣ್ಣದ ದ್ರಾವಣದ ಬಣ್ಣ 95 ಪರ್ಸೆಂಟ್ ಕಡಿಮೆಯಾಯ್ತು, ಅಷ್ಟೇ ಅದರ ಅರ್ಥ.

ಆ ನೇರಳೆ ವಸ್ತುವಿನ ಹೆಸರು ಡಿಪಿಪಿಎಚ್. ಪೂರ್ತಿ ಹೆಸರು ಹೇಳಿದ್ರೆ ಕಾಫಿ ಆರಿಹೋಗುತ್ತೆ, ಬೇಡ. 1922ರಲ್ಲೇ ಇದನ್ನ ತಯಾರಿಸಿದ್ರು. ಇದರಿಂದ ಆಂಟಿಆಕ್ಸಿಡೆಂಟ್ ಅಳೀಬಹುದು ಅಂತ 1958ರಲ್ಲಿ ಬ್ಲಾಯ್ಸ್ ಅನ್ನೋರು ‘ನೇಚರ್’ ಪತ್ರಿಕೆಯಲ್ಲಿ ಒಂದು ಪುಟ್ಟ ಲೇಖನ ಬರೆದ್ರು. ಇವತ್ತು ನಮ್ಮ ದೇಶದಲ್ಲಿ ಗಿಡಮೂಲಿಕೆ ಮೇಲೆ ಪ್ರಾಜೆಕ್ಟ್ ಮಾಡೋ ಎಂ.ಎಸ್ಸಿ, ಬಿ.ಫಾರ್ಮ ಮಕ್ಕಳಲ್ಲಿ ಡಿಪಿಪಿಎಚ್ ಬಾಟಲಿ ಮುಟ್ಟದವರು ಕಡಿಮೆ. ಅಗ್ಗ, ಸುಲಭ, ಅರ್ಧ ಗಂಟೆಯ ಕೆಲಸ.

ಕೆಲಸ ಹೇಗೆ ನಡೆಯುತ್ತೆ ಅಂದ್ರೆ, ಡಿಪಿಪಿಎಚ್ ಒಂದು ಫ್ರೀ ರ್‍ಯಾಡಿಕಲ್. ಎಲೆಕ್ಟ್ರಾನ್‌ಗಳು ಸಾಮಾನ್ಯವಾಗಿ ಜೋಡಿಯಾಗಿ ಇರ್ತವೆ. ಇದರಲ್ಲಿ ಒಂದು ಒಂಟಿಯಾಗಿದೆ. ಒಂಟಿ ಎಲೆಕ್ಟ್ರಾನ್ ಇರೋ ಅಣು ಪಕ್ಕದವರ ಹತ್ರ ಕಿತ್ಕೊಳ್ಳೋಕೆ ನೋಡುತ್ತೆ. ನಮ್ಮ ಮೈಯಲ್ಲೂ ಇಂಥವು ಹುಟ್ಟುತ್ತಾ ಇರ್ತವೆ. ಅವುಗಳಲ್ಲಿ ಹೈಡ್ರಾಕ್ಸಿಲ್ ಅನ್ನೋದು ಎಂಥ ಆತುರದ್ದು ಅಂದ್ರೆ, ಅದರ ಆಯಸ್ಸು ಒಂದು ಸೆಕೆಂಡಿನ ನೂರು ಕೋಟಿಯ ಒಂದು ಭಾಗದಷ್ಟು. ಹುಟ್ಟಿದ ಜಾಗದಲ್ಲೇ ಯಾರನ್ನೋ ಕಚ್ಚಿ ಮುಗೀತು. ಡಿಪಿಪಿಎಚ್ ಹಾಗಲ್ಲ. ಅದರ ಒಂಟಿ ಎಲೆಕ್ಟ್ರಾನ್ ಸುತ್ತಲಿನ ಉಂಗುರಗಳ ಮೇಲೆಲ್ಲ ಹರಡಿಕೊಂಡು ಸಮಾಧಾನವಾಗಿರುತ್ತೆ. ಫ್ರಿಜ್ಜಿನಲ್ಲಿ, ಬಾಟಲಿಯಲ್ಲಿ ತಿಂಗಳುಗಟ್ಟಲೆ ಕೂತಿರುತ್ತೆ. ಅಷ್ಟು ಸಾಧುವಾಗಿರೋದ್ರಿಂದಲೇ ಅದನ್ನಿಟ್ಟುಕೊಂಡು ಪ್ರಯೋಗ ಮಾಡೋಕಾಗೋದು. ಆದ್ರೆ ಅದು ಯಾವ ಮನುಷ್ಯನ ಮೈಯಲ್ಲೂ ಇರೋದಿಲ್ಲ. ಇದು ನೆನಪಿರಲಿ.

ಮೆಥನಾಲ್‌ನಲ್ಲಿ ಕರಗಿಸಿದ್ರೆ ಗಾಢ ನೇರಳೆ. ಗಿಡದ ಸಾರ ಒಂಚೂರು ಹಾಕಿ ಅರ್ಧ ಗಂಟೆ ಕತ್ತಲಲ್ಲಿ ಇಡ್ತೀವಿ. ಸಾರದಲ್ಲಿರೋ ಪಾಲಿಫಿನಾಲ್, ವಿಟಮಿನ್ ಸಿ ಇಂಥವು ತಮ್ಮ ಹೈಡ್ರೋಜನ್ನೋ ಎಲೆಕ್ಟ್ರಾನೋ ಕೊಟ್ಟುಬಿಟ್ರೆ ನೇರಳೆ ಹೋಗಿ ಹಳದಿ ಆಗುತ್ತೆ. ಸ್ಪೆಕ್ಟ್ರೋಫೋಟೋಮೀಟರ್ ಅನ್ನೋ ಯಂತ್ರದಲ್ಲಿ 517 ನ್ಯಾನೋಮೀಟರಿನ ಹಸಿರು ಬೆಳಕು ಹಾಯಿಸಿ, ಎಷ್ಟು ಬೆಳಕನ್ನ ನುಂಗ್ತು ಅಂತ ನೋಡ್ತೀವಿ. ಮೊದಲು 0.900 ಇತ್ತು, ಸಾರ ಹಾಕಿದ ಮೇಲೆ 0.450 ಆಯ್ತು ಅಂದ್ರೆ 50 ಪರ್ಸೆಂಟ್ ಇನ್ಹಿಬಿಷನ್. ಇಷ್ಟೇ ಲೆಕ್ಕ.

ಈಗ 95ಕ್ಕೆ ಬನ್ನಿ. ಎಷ್ಟು ಸಾರ ಹಾಕಿದ್ರು? ಅದು ಗೊತ್ತಿಲ್ಲದೆ 95ಕ್ಕೆ ಅರ್ಥವೇ ಇಲ್ಲ. ಸಾಕಷ್ಟು ಹಾಕಿದ್ರೆ ಈ ಕಪ್ಪಿನಲ್ಲಿರೋ ಕಾಫಿಗೂ 95 ಬರುತ್ತೆ. ಅದಕ್ಕೇ ನಾವು ಬೇರೆ ಬೇರೆ ಪ್ರಮಾಣದಲ್ಲಿ ಹಾಕಿ, ಬಣ್ಣ ಸರಿಯಾಗಿ ಅರ್ಧಕ್ಕೆ ಇಳಿಯೋಕೆ ಎಷ್ಟು ಸಾರ ಬೇಕು ಅಂತ ಹುಡುಕ್ತೀವಿ. ಅದಕ್ಕೆ ಐಸಿ 50 ಅಂತಾರೆ. ಇಲ್ಲಿ ಅಂಕಿ ಕಡಿಮೆ ಇದ್ದಷ್ಟೂ ಸಾರ ಚುರುಕು. ಒಂದ್ಸಲ ಒಬ್ಬ ಮಾರ್ಕೆಟಿಂಗ್ ಹುಡುಗ ಫೋನ್ ಮಾಡಿ, ‘ಮೇಡಂ, ನಮ್ಮದು 18 ಬಂದಿದೆ, ಪ್ರತಿಸ್ಪರ್ಧಿದು 140 ಇದೆ, ಜಾಸ್ತಿ ಮಾಡೋಕೆ ಏನ್ಮಾಡ್ಬೇಕು?’ ಅಂದ. ನಿಮ್ಮದೇ ಚೆನ್ನಾಗಿದೆಯಪ್ಪ ಅಂದ್ರೆ ನಂಬಲಿಲ್ಲ. (ಸಭೆಯಲ್ಲಿ ನಗು)

ಐಸಿ 50 ಕೂಡ ಕಲ್ಲಲ್ಲಿ ಕೆತ್ತಿದ್ದಲ್ಲ. ಡಿಪಿಪಿಎಚ್ ಎಷ್ಟು ಗಟ್ಟಿಯಾಗಿ ಕಲಸಿದ್ರಿ ಅನ್ನೋದ್ರ ಮೇಲೆ ಅದು ಬದಲಾಗುತ್ತೆ. ಹತ್ತು ನಿಮಿಷ ಕಾದ್ರೆ ಒಂದು, ಒಂದು ಗಂಟೆ ಕಾದ್ರೆ ಇನ್ನೊಂದು, ಯಾಕಂದ್ರೆ ವಿಟಮಿನ್ ಸಿ ಬಹಳ ಬೇಗ ಕೆಲಸ ಮುಗಿಸುತ್ತೆ, ಕೆಲವು ಪಾಲಿಫಿನಾಲ್‌ಗಳು ನಿಧಾನವಾಗಿ ಎಳೀತಾ ಇರ್ತವೆ. ದೊಡ್ಡ ದೊಡ್ಡ ಅಣುಗಳಿಗೆ ಆ ಒಂಟಿ ಎಲೆಕ್ಟ್ರಾನಿನ ಹತ್ತಿರ ಹೋಗೋಕೇ ಜಾಗ ಸಾಲದೆ ಇರಬಹುದು. ಹೀಗಾಗಿ ಒಂದು ಲ್ಯಾಬಿನ ಐಸಿ 50ಯನ್ನ ಇನ್ನೊಂದು ಲ್ಯಾಬಿನದ್ದರ ಪಕ್ಕ ಇಟ್ಟು ಮೇಲುಕೀಳು ಹೇಳೋಕಾಗಲ್ಲ. ಅದೇ ದಿನ, ಅದೇ ದ್ರಾವಣದಲ್ಲಿ ವಿಟಮಿನ್ ಸಿ ಅಥವಾ ಟ್ರೋಲಾಕ್ಸ್ ಇಟ್ಟು ಅಳೆದು, ಅದಕ್ಕೆ ಹೋಲಿಸಿ ಹೇಳಿದ್ರೆ ಮಾತ್ರ ಅಷ್ಟಿಷ್ಟು ನಂಬಬಹುದು. ಟ್ರೋಲಾಕ್ಸ್ ಅಂದ್ರೆ ನೀರಿನಲ್ಲಿ ಕರಗೋ ಹಾಗೆ ಮಾಡಿದ ವಿಟಮಿನ್ ಇ ಅಂತ ಇಟ್ಕೊಳ್ಳಿ.

ಈಗ ನಮ್ಮೂರಿನ ಕತೆಗೆ ಬರ್ತೀನಿ. ಇದು ನನಗೆ ತುಂಬಾ ಇಷ್ಟವಾದ ಭಾಗ, ಸ್ವಲ್ಪ ಜಾಸ್ತಿ ಹೊತ್ತು ತಗೋತೀನಿ.

ನಮ್ಮ ಕಡೆ ಮುರುಗಲು ಅಂತೀವಿ, ಮಂಗಳೂರು ಕಡೆಯವರು ಪುನರ್ಪುಳಿ ಅಂತೀರಿ, ಇಲ್ಲಿ ಮಂಡಿಯಲ್ಲಿ ಕೇಳಿದ್ರೆ ಕೋಕಮ್. ಇಲ್ಲಿನವರು ಸೋಲ್‌ಕಡಿ ಮಾಡ್ತಾರೆ, ನಾವು ಪಾನಕ, ಸಾರು ಮಾಡ್ತೀವಿ. ಬೀಜದಿಂದ ಮುರುಗಲು ತುಪ್ಪ ತೆಗೀತೀವಿ, ಚಳಿಗಾಲದಲ್ಲಿ ಒಡೆದ ಹಿಮ್ಮಡಿಗೆ ಅದಕ್ಕಿಂತ ಒಳ್ಳೆ ಮುಲಾಮು ಇಲ್ಲ, ಅದು ಬಿಡಿ. ಆ ಕಡುಗೆಂಪು ಬಣ್ಣ ಬರೋದು ಆಂಥೋಸಯನಿನ್ ಅನ್ನೋ ಬಣ್ಣದ ವಸ್ತುವಿನಿಂದ. ನೇರಳೆ ಹಣ್ಣಿಗೆ, ಕೆಂಪು ಎಲೆಕೋಸಿಗೆ ಬಣ್ಣ ಕೊಡೋದೂ ಅದೇ ಬಳಗ.

ಆಂಥೋಸಯನಿನ್ ಹುಳಿ ದ್ರಾವಣದಲ್ಲಿ ಕೆಂಪಗಿರುತ್ತೆ, ಮತ್ತೆ ಬೆಳಕನ್ನ ಅತಿ ಹೆಚ್ಚು ನುಂಗೋದು 515ರಿಂದ 520 ನ್ಯಾನೋಮೀಟರ್ ಹತ್ತಿರ. ಡಿಪಿಪಿಎಚ್ ಅಳೆಯೋದು ಎಲ್ಲಿ? 517ರಲ್ಲಿ. ಅಂದ್ರೆ ಮುರುಗಲು ಸಾರ ಡಿಪಿಪಿಎಚ್‌ನ ನೇರಳೆಯನ್ನ ಕಡಿಮೆ ಮಾಡ್ತಾ ಇರುವಾಗಲೇ ತನ್ನ ಸ್ವಂತ ಕೆಂಪನ್ನ ಅದೇ ಜಾಗದಲ್ಲಿ ತಂದು ಇಡುತ್ತೆ. ಯಂತ್ರಕ್ಕೆ ಯಾವುದು ಯಾರ ಬಣ್ಣ ಅಂತ ಗೊತ್ತಾಗಲ್ಲ. ಒಟ್ಟು ಎಷ್ಟು ಬೆಳಕು ಹೋಯ್ತು ಅನ್ನೋದಷ್ಟೇ ಅದಕ್ಕೆ ಕಾಣೋದು.

ಲೆಕ್ಕಕ್ಕೆ ಒಂದು ಉದಾಹರಣೆ ಹಾಕ್ತೀನಿ. ಶುರುವಿನಲ್ಲಿ 0.900. ಸಾರ ಹಾಕಿ ಅರ್ಧ ಗಂಟೆ ಆದ ಮೇಲೆ 0.450. ಹಾಗೇ ಲೆಕ್ಕ ಹಾಕಿದ್ರೆ 50 ಪರ್ಸೆಂಟ್. ಆದ್ರೆ ಆ 0.450ರಲ್ಲಿ 0.200 ಮುರುಗಲಿನದೇ ಬಣ್ಣ ಅಂದ್ಕೊಳ್ಳಿ. ಆಗ ನಿಜವಾಗಿ ಉಳಿದಿರೋ ಡಿಪಿಪಿಎಚ್ ಬಣ್ಣ 0.250. ಈಗ ಲೆಕ್ಕ ಹಾಕಿ, 72 ಪರ್ಸೆಂಟ್! ಒಂದೇ ಟ್ಯೂಬು, ಒಂದೇ ಯಂತ್ರ. ಒಂದು ಕಡೆ 50, ಇನ್ನೊಂದು ಕಡೆ 72. ಇದಕ್ಕೆ ಪರಿಹಾರ ಸುಲಭ. ಡಿಪಿಪಿಎಚ್ ಹಾಕದೆ, ಬರೀ ಮೆಥನಾಲ್‌ಗೆ ಅಷ್ಟೇ ಸಾರ ಹಾಕಿ ಇನ್ನೊಂದು ಟ್ಯೂಬ್ ಇಟ್ಟು, ಅದರ ಓದುವಿಕೆಯನ್ನ ಕಳೀಬೇಕು. ಸ್ಯಾಂಪಲ್ ಬ್ಲ್ಯಾಂಕ್ ಅಂತೀವಿ. ಐದು ನಿಮಿಷದ ಕೆಲಸ. ಆದ್ರೂ ಬಣ್ಣಬಣ್ಣದ ಹಣ್ಣು, ಅರಿಶಿನ, ಬೀಟ್‌ರೂಟ್ ಇವುಗಳ ಮೇಲಿನ ಎಷ್ಟೋ ರಿಪೋರ್ಟುಗಳಲ್ಲಿ ಈ ಬ್ಲ್ಯಾಂಕ್ ಇಟ್ಟಿದ್ರು ಅನ್ನೋ ಒಂದು ಸಾಲೂ ಇರಲ್ಲ.

ನಮ್ಮ ಉತ್ತರ ಕನ್ನಡದಲ್ಲಿ ಬಿಳಿ ಮುರುಗಲು ಅಂತಲೂ ಇದೆ. ಹಣ್ಣು ಹಳದಿ, ಕೆಂಪು ಬಣ್ಣವೇ ಇಲ್ಲ. ಬ್ಲ್ಯಾಂಕ್ ಇಡದೆ ಎರಡನ್ನೂ ಪಕ್ಕಪಕ್ಕ ಅಳೆದ್ರೆ ಕೆಂಪಿಗೆ ಅನ್ಯಾಯ ಆಗುತ್ತೆ, ಬಿಳಿಗೆ ಆಗಲ್ಲ. ಇನ್ನೊಂದು ತೊಡಕೂ ಇದೆ. ಮುರುಗಲು ಹುಳಿ. ಮೆಥನಾಲ್‌ನಲ್ಲಿ ಆಮ್ಲ ಸೇರಿದ್ರೆ ಫಿನಾಲ್‌ಗಳು ಡಿಪಿಪಿಎಚ್ ಜೊತೆ ವರ್ತಿಸೋ ವೇಗ ಇಳಿಯುತ್ತೆ. ಒಟ್ಟಿನಲ್ಲಿ ಡಿಪಿಪಿಎಚ್ ಟೆಸ್ಟಿಗೆ ಕೆಂಪು ಮುರುಗಲು ಒಳ್ಳೆ ಅಭ್ಯರ್ಥಿಯಲ್ಲ. ಎಬಿಟಿಎಸ್ ಅಂತ ಇನ್ನೊಂದು ಪರೀಕ್ಷೆ ಇದೆ. ಅದರ ನೀಲಿ ಹಸಿರು ಬಣ್ಣವನ್ನ 734 ನ್ಯಾನೋಮೀಟರಿನಲ್ಲಿ, ಅಂದ್ರೆ ಕೆಂಪಿನ ತುದಿಯಲ್ಲಿ ಓದ್ತೀವಿ. ಅಲ್ಲಿ ಮುರುಗಲಿನ ಬಣ್ಣದ ಕಾಟ ಇಲ್ಲವೇ ಇಲ್ಲ ಅನ್ನುವಷ್ಟು. ನಾನಾಗಿದ್ರೆ ಅದನ್ನೇ ಮಾಡ್ತೀನಿ.

ಫ್ರಾಪ್ ಅಂತ ಮೂರನೇದು ಇದೆ, 1996ರಲ್ಲಿ ಬೆಂಜಿ ಮತ್ತು ಸ್ಟ್ರೇನ್ ಅನ್ನೋರು ಮಾಡಿದ್ದು. ಅದರಲ್ಲಿ ಫ್ರೀ ರ್‍ಯಾಡಿಕಲ್ಲೇ ಇಲ್ಲ. ಕಬ್ಬಿಣದ ಒಂದು ರೂಪವನ್ನ ಇನ್ನೊಂದಕ್ಕೆ ಬದಲಾಯಿಸೋ ಶಕ್ತಿ ಎಷ್ಟಿದೆ ಅಂತ ನೋಡೋದು, ಅದೂ ಪಿಎಚ್ 3.6ರ ಹುಳಿಯಲ್ಲಿ. ನಮ್ಮ ರಕ್ತದ ಪಿಎಚ್ 7.4. ನಾಲ್ಕನೇದು ಫೋಲಿನ್ ಪರೀಕ್ಷೆ. ‘ಒಟ್ಟು ಫಿನಾಲ್’ ಅಂತ ಹೆಸರು, ಆದ್ರೆ ವಿಟಮಿನ್ ಸಿ, ಕೆಲವು ಸಕ್ಕರೆ, ಕೆಲವು ಪ್ರೋಟೀನು ಎಲ್ಲವನ್ನೂ ಅದು ಫಿನಾಲ್ ಲೆಕ್ಕಕ್ಕೇ ಸೇರಿಸಿಬಿಡುತ್ತೆ. ಹೆಸರು ನೋಡಿ ಮೋಸ ಹೋಗಬೇಡಿ.

ಒಂದೇ ಪುಡಿ, ನಾಲ್ಕು ಪರೀಕ್ಷೆ, ನಾಲ್ಕು ಅಂಕಿ. ಕೆಲವು ಸಲ ಎರಡು ಪುಡಿಗಳಲ್ಲಿ ಯಾವುದು ಮೊದಲು, ಯಾವುದು ಎರಡನೇದು ಅನ್ನೋದೇ ತಿರುವುಮುರುವು. ಇಲ್ಲಿಂದಲೇ ವ್ಯಾಪಾರ ಶುರು ಆಗೋದು. ಕೆಲವು ವರ್ಷದ ಹಿಂದೆ ಒಂದು ಸಣ್ಣ ಕಂಪನಿಯವರು ಸೊಪ್ಪಿನ ಪುಡಿ ತಂದಿದ್ರು. ಮೂರು ಪರೀಕ್ಷೆ ಮಾಡಿಸಿದ್ರು. ರಿಪೋರ್ಟ್ ನೋಡಿ, ‘ಇದರಲ್ಲಿ ಯಾವ ಅಂಕಿ ದೊಡ್ಡದೋ ಅದೊಂದನ್ನೇ ಇಟ್ಟು, ಉಳಿದದ್ದು ತೆಗೆದು ಕೊಡಿ’ ಅಂದ್ರು. ಅಂಕಿ ತೆಗೆಯೋದಿಲ್ಲ, ಬೇಕಿದ್ರೆ ಯಾವ ದ್ರಾವಕ, ಎಷ್ಟು ಪ್ರಮಾಣ, ಎಷ್ಟು ಹೊತ್ತು ಅನ್ನೋದನ್ನ ಇನ್ನೂ ಬಿಡಿಸಿ ಬರೀತೀನಿ ಅಂದೆ. ಅವರು ಕೆಲಸವನ್ನ ಬೇರೆ ಲ್ಯಾಬಿಗೆ ಕೊಟ್ರು. ಆಮೇಲೆ ಅಂಗಡಿಯಲ್ಲಿ ಆ ಡಬ್ಬ ನೋಡಿದೆ. ಮುಂಭಾಗದಲ್ಲಿ ದಪ್ಪಕ್ಷರದಲ್ಲಿ ಒಂದೇ ಒಂದು ಅಂಕಿ, ಪಕ್ಕದಲ್ಲಿ ಒಂದು ಹೃದಯದ ಚಿತ್ರ! ನಾವು ಅಳೆದದ್ದು ಶೇಕಡಾ 80 ಮೆಥನಾಲ್‌ನಲ್ಲಿ ನೆನೆಸಿ ತೆಗೆದ ಸಾರವನ್ನ. ಮನೆಯಲ್ಲಿ ಆ ಪುಡಿಯನ್ನ ಯಾರೂ ಮೆಥನಾಲ್‌ನಲ್ಲಿ ನೆನೆಸಿ ಕುಡಿಯೋಲ್ಲ, ಕುಡಿದ್ರೆ ಕಣ್ಣು ಹೋಗುತ್ತೆ. ನೀರಲ್ಲಿ ಕುದಿಸಿದ ಕಷಾಯದಲ್ಲಿ ಬರೋ ವಸ್ತುಗಳೇ ಬೇರೆ, ಪ್ರಮಾಣವೇ ಬೇರೆ. ಹೃದಯದ ಚಿತ್ರ ಎಲ್ಲಿಂದ ಬಂತು ಅಂತ ನನಗಂತೂ ಗೊತ್ತಿಲ್ಲ, ನನ್ನ ಯಂತ್ರದಿಂದ ಬಂದಿಲ್ಲ.

ನಿಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ, ‘ನನ್ನ ಲ್ಯಾಪ್‌ಟಾಪಲ್ಲಿ ಓಡ್ತಾ ಇದೆ’ ಅನ್ನೋದನ್ನೇ ರಿಲೀಸ್ ನೋಟ್ ಮಾಡಿ ಹಂಚಿದ ಹಾಗೆ. ಪ್ರೊಡಕ್ಷನ್ ಅಂದ್ರೆ ಇಲ್ಲಿ ಮನುಷ್ಯನ ಹೊಟ್ಟೆ, ಕರುಳು, ಲಿವರ್, ರಕ್ತ.

ಅಲ್ಲಿ ಏನಾಗುತ್ತೆ ನೋಡೋಣ. ಪಾಲಿಫಿನಾಲ್‌ಗಳಲ್ಲಿ ಹೆಚ್ಚಿನ ಪಾಲು ಕರುಳಿನಿಂದ ರಕ್ತಕ್ಕೆ ಹೋಗೋದೇ ಇಲ್ಲ. ಹೋದದ್ದನ್ನ ಕರುಳಿನ ಗೋಡೆ, ಲಿವರ್ ಎರಡೂ ಹಿಡಿದು ಅದಕ್ಕೊಂದು ಬಾಲ ಕಟ್ತವೆ, ಬೇಗ ಮೂತ್ರದಲ್ಲಿ ಹೊರಗೆ ಕಳಿಸೋಕೆ. ಆ ಬಾಲ ಕಟ್ಟೋದು ಎಲ್ಲಿಗೆ ಗೊತ್ತಾ? ಟ್ಯೂಬಿನಲ್ಲಿ ಡಿಪಿಪಿಎಚ್‌ಗೆ ಹೈಡ್ರೋಜನ್ ಕೊಟ್ಟ ಅದೇ ತುದಿಗೆ. ಇಷ್ಟೆಲ್ಲ ಆದ ಮೇಲೆ ರಕ್ತದಲ್ಲಿ ಉಳಿಯೋದು ಸಾಮಾನ್ಯವಾಗಿ ಒಂದು ಮೈಕ್ರೋಮೋಲಾರ್‌ಗಿಂತ ಕಡಿಮೆ. ಅದೇ ರಕ್ತದಲ್ಲಿ ವಿಟಮಿನ್ ಸಿ ಸುಮಾರು 50 ಇರುತ್ತೆ, ಯೂರಿಕ್ ಆಸಿಡ್ಡು ನೂರಾರು. ಯೂರಿಕ್ ಆಸಿಡ್ ಕೂಡ ಆಂಟಿಆಕ್ಸಿಡೆಂಟ್ ಅಂತ ಫಾರ್ವರ್ಡ್‌ನಲ್ಲಿ ಯಾರೂ ಹೇಳಲ್ಲ! ನಾವು ಕುಡಿದ ಜ್ಯೂಸಿನ ಪಾಲಿಫಿನಾಲು ಅಲ್ಲಿಗೆ ಹೋಗಿ ಸೇರೋದು ಲಿಂಗನಮಕ್ಕಿಗೆ ಒಂದು ಚೊಂಬು ನೀರು ಹೊಯ್ದ ಹಾಗೆ.

ಇದನ್ನ ಅಮೆರಿಕದ ಆರೆಗನ್‌ನಲ್ಲಿ ಲೊಟಿಟೊ ಮತ್ತು ಫ್ರೈ ಅನ್ನೋ ಇಬ್ಬರು ಸಂಶೋಧಕರು ಚೆನ್ನಾಗಿ ತೋರಿಸಿದ್ರು, 2004ರಲ್ಲಿ. ಆರೋಗ್ಯವಂತರಿಗೆ ಒಂದು ಕೆಜಿಯಷ್ಟು ಸೇಬು ತಿನ್ನಿಸಿದ್ರು. ಆಮೇಲೆ ರಕ್ತ ತೆಗೆದು ಫ್ರಾಪ್ ಮಾಡಿದ್ರೆ ಅಂಕಿ ಏರಿತ್ತು. ಇಷ್ಟಕ್ಕೇ ನಿಲ್ಲಿಸಿದ್ದಿದ್ರೆ ‘ಸೇಬಿನಿಂದ ಆಂಟಿಆಕ್ಸಿಡೆಂಟ್ ಏರಿಕೆ’ ಅಂತ ಹೆಡ್‌ಲೈನ್ ಸಿಕ್ತಿತ್ತು. ಅವರು ನಿಲ್ಲಿಸಲಿಲ್ಲ. ಆ ರಕ್ತದಲ್ಲಿದ್ದ ಯೂರಿಕ್ ಆಸಿಡ್ಡನ್ನ ಒಂದು ಕಿಣ್ವ ಹಾಕಿ ತೆಗೆದುಬಿಟ್ರು. ಏರಿಕೆ ಮಾಯ. ಬರೀ ಫ್ರಕ್ಟೋಸ್ ಸಕ್ಕರೆ ಕುಡಿಸಿದ್ರೂ ಅದೇ ರೀತಿ ಏರಿತು. ಹಣ್ಣಿನ ಸಕ್ಕರೆ ಯೂರಿಕ್ ಆಸಿಡ್ ಹೆಚ್ಚಿಸಿತ್ತು, ಯಂತ್ರ ಅದನ್ನೇ ಆಂಟಿಆಕ್ಸಿಡೆಂಟ್ ಅಂತ ಎಣಿಸಿತ್ತು. ಯೂರಿಕ್ ಆಸಿಡ್ ಜಾಸ್ತಿಯಾದ್ರೆ ಏನಾಗುತ್ತೆ ಅಂತ ಕಾಲಿನ ಹೆಬ್ಬೆರಳು ಊದಿಕೊಂಡವರನ್ನ ಕೇಳಿ. ಹಾಗಂತ ಸೇಬು ತಿನ್ನಬೇಡಿ ಅಂತಲ್ಲ. ಅದು ಒಳ್ಳೇದಿದ್ರೆ ಅದರ ಕಾರಣ ಈ ಅಂಕಿ ಅಲ್ಲ.

ಇದಕ್ಕೆ ಉಲ್ಟಾ ಕೂಡ ಇದೆ. ಬ್ರಾಕೊಲಿಯಲ್ಲಿ ಸಿಗೋ ಸಲ್ಫೊರಾಫೇನ್ ಅನ್ನೋ ವಸ್ತು ತಾನಾಗಿ ಫ್ರೀ ರ್‍ಯಾಡಿಕಲ್ಲನ್ನ ಹಿಡಿಯೋದಿಲ್ಲ, ಡಿಪಿಪಿಎಚ್ ಪರೀಕ್ಷೆಯಲ್ಲಿ ಅದು ಫೇಲು. ಆದ್ರೆ ಜೀವಕೋಶಕ್ಕೆ ಹೋಗಿ ಅದನ್ನ ಸ್ವಲ್ಪ ಚುಚ್ಚಿ, ಕೋಶವೇ ತನ್ನ ರಕ್ಷಣಾ ಕಿಣ್ವಗಳನ್ನ ಹೆಚ್ಚಿಸಿಕೊಳ್ಳೋ ಹಾಗೆ ಮಾಡುತ್ತೆ. ನಮ್ಮ ಟ್ಯೂಬಿನಲ್ಲಿ ಜೀವಕೋಶ ಇಲ್ಲವಲ್ಲ, ಅದು ಕಾಣೋದು ಹೇಗೆ?

ಅಮೆರಿಕದ ಕೃಷಿ ಇಲಾಖೆಗೂ ಈ ಅನುಭವ ಆಗಿದೆ. ಓರಾಕ್ ಅಂತ ಇನ್ನೊಂದು ಪರೀಕ್ಷೆಯ ಅಂಕಿಗಳನ್ನ ನೂರಾರು ಆಹಾರಕ್ಕೆ ಪಟ್ಟಿ ಮಾಡಿ 2007ರಲ್ಲಿ ಪ್ರಕಟಿಸಿದ್ರು, 2010ರಲ್ಲಿ ಪರಿಷ್ಕರಿಸಿದ್ರು. ನೂರು ಗ್ರಾಂ ಲವಂಗದ ಪುಡಿಗೆ ಸುಮಾರು ಮೂರು ಲಕ್ಷ! ನಾವು ಪಲಾವಿಗೆ ಹಾಕೋದು ನಾಲ್ಕು ಲವಂಗ, ಅದನ್ನೂ ತಟ್ಟೆಯ ಅಂಚಿಗೆ ತೆಗೆದಿಡ್ತೀವಿ. ಕಂಪನಿಗಳು ಆ ಪಟ್ಟಿ ಹಿಡಿದು ನಮ್ಮದು ಸೂಪರ್, ನಮ್ಮದು ಸೂಪರ್ ಅಂತ ಕೂಗೋಕೆ ಶುರು ಮಾಡಿದ್ವು. 2012ರಲ್ಲಿ ಇಲಾಖೆ ಪಟ್ಟಿಯನ್ನೇ ವಾಪಸ್ ತಗೊಂಡ್ತು. ಈ ಅಂಕಿಗಳಿಗೂ ಮನುಷ್ಯರ ಆರೋಗ್ಯದ ಮೇಲಿನ ಪರಿಣಾಮಕ್ಕೂ ಸಂಬಂಧ ತೋರಿಸೋಕೆ ಆಗಿಲ್ಲ, ಮತ್ತೆ ಮಾರಾಟಕ್ಕೆ ದುರ್ಬಳಕೆ ಆಗ್ತಿದೆ ಅನ್ನೋದು ಅವರು ಕೊಟ್ಟ ಕಾರಣ. ಇವತ್ತಿಗೂ ಆ ಪಟ್ಟಿಯ ಅಂಕಿಗಳು ಡಬ್ಬಗಳ ಮೇಲೆ ಓಡಾಡ್ತಾ ಇವೆ.

ಬರೀ ದುಡ್ಡು ಹೋಗೋ ವಿಷಯ ಆಗಿದ್ರೆ ಇಷ್ಟು ಹೇಳ್ತಿರಲಿಲ್ಲ. ನಾವು ದುಡ್ಡು ಕಳೆಯೋ ದಾರಿಗಳು ಬೇಕಾದಷ್ಟಿವೆ. ಫಿನ್‌ಲೆಂಡಿನಲ್ಲಿ 29,133 ಗಂಡಸರ ಮೇಲೆ, ಎಲ್ಲರೂ ಸಿಗರೇಟ್ ಸೇದುವವರು, ಒಂದು ದೊಡ್ಡ ಪ್ರಯೋಗ ಆಯ್ತು. ತರಕಾರಿ ಹೆಚ್ಚು ತಿನ್ನೋರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಅಂತ ಮೊದಲೇ ಗೊತ್ತಿತ್ತು. ಹಾಗಾದ್ರೆ ತರಕಾರಿಯಲ್ಲಿರೋ ಬೀಟಾ ಕ್ಯಾರೋಟಿನನ್ನ ಮಾತ್ರೆ ಮಾಡಿ ಕೊಟ್ರೆ ಆಯ್ತಲ್ಲ ಅನ್ನೋ ಆಲೋಚನೆ. ದಿನಕ್ಕೆ 20 ಮಿಲಿಗ್ರಾಂ, ಐದರಿಂದ ಎಂಟು ವರ್ಷ. 1994ರಲ್ಲಿ ಫಲಿತಾಂಶ ಬಂತು. ಮಾತ್ರೆ ತಗೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ 18 ಪರ್ಸೆಂಟ್ ಹೆಚ್ಚು. ಹೆಚ್ಚು, ಕಡಿಮೆ ಅಲ್ಲ. ಅಮೆರಿಕದಲ್ಲಿ ಸಿಗರೇಟ್ ಸೇದುವವರು, ಕಲ್ನಾರಿನ ಕೆಲಸ ಮಾಡಿದವರು ಸೇರಿ 18,314 ಜನರ ಮೇಲೆ ಇನ್ನೊಂದು ಪ್ರಯೋಗ ನಡೀತಿತ್ತು, ಬೀಟಾ ಕ್ಯಾರೋಟಿನ್ ಜೊತೆ ವಿಟಮಿನ್ ಎ. ಅಲ್ಲಿ 28 ಪರ್ಸೆಂಟ್ ಹೆಚ್ಚು ಕಂಡಿತು. 1996ರ ಜನವರಿಯಲ್ಲಿ, ಮುಗಿಯೋಕೆ ಇನ್ನೂ 21 ತಿಂಗಳು ಇರುವಾಗಲೇ ನಿಲ್ಲಿಸಿಬಿಟ್ರು. ಇವು ಮಾತ್ರೆಯ ಕತೆ, ಕ್ಯಾರೆಟ್ಟಿನ ಕತೆ ಅಲ್ಲ, ಗಾಬರಿ ಬೇಡ. ಟೆಕ್ ಪಾರ್ಕ್ ಹಿಂದೆ ಟಪರಿಯಲ್ಲಿ ದಿನಕ್ಕೆ ಆರು ಸಿಗರೇಟ್ ಸೇದಿ, ಅದಕ್ಕೆ ಸರಿತೂಗೋಕೆ ಅಂತ ಆಂಟಿಆಕ್ಸಿಡೆಂಟ್ ಮಾತ್ರೆ ನುಂಗೋ ಹುಡುಗರು ನನಗೆ ಗೊತ್ತಿದ್ದಾರೆ. ಅವರಿಗೆ ಇದನ್ನ ತಲುಪಿಸಿ.

ಹಾಗಾದ್ರೆ ಈ ಪರೀಕ್ಷೆಗಳು ದಂಡವಾ? ಖಂಡಿತ ಅಲ್ಲ, ನನ್ನ ಅನ್ನ ಅದು! ಸರಿಯಾದ ಪ್ರಶ್ನೆ ಕೇಳಿದ್ರೆ ಒಳ್ಳೆ ಉತ್ತರ ಕೊಡ್ತವೆ. ಊರಿಂದ ಅಮ್ಮ ಕಳಿಸಿದ ಚಕ್ಕುಲಿ ತಿಂಗಳು ಕಳೆದ ಮೇಲೆ ಕಮಟು ವಾಸನೆ ಬರುತ್ತಲ್ಲ, ಅದು ಎಣ್ಣೆ ಗಾಳಿ ಜೊತೆ ಸೇರಿ ಫ್ರೀ ರ್‍ಯಾಡಿಕಲ್ ಸರಪಳಿಯಲ್ಲಿ ಕೆಡೋದು. ಅಲ್ಲಿ ಆಂಟಿಆಕ್ಸಿಡೆಂಟ್ ನಿಜವಾಗಿ, ಕಣ್ಣೆದುರಿಗೇ ಕೆಲಸ ಮಾಡುತ್ತೆ. ಚಿಪ್ಸ್ ಪ್ಯಾಕೆಟ್ಟಿನಲ್ಲಿ, ಎಣ್ಣೆ ಕ್ಯಾನಿನಲ್ಲಿ ಟಿಬಿಎಚ್‌ಕ್ಯು ಅಂತ ಬರೆದಿರೋದು ಅದಕ್ಕೇ. ಈಗ ಅದರ ಬದಲು ರೋಸ್‌ಮೇರಿ ಸಾರ ಹಾಕೋರೂ ಇದ್ದಾರೆ. ನಮ್ಮಲ್ಲಿ ಬೆಣ್ಣೆ ಕಾಯಿಸುವಾಗ ವೀಳ್ಯದೆಲೆಯನ್ನೋ ನುಗ್ಗೆ ಸೊಪ್ಪನ್ನೋ ಹಾಕ್ತಾರಲ್ಲ, ಅದನ್ನ ಪರೀಕ್ಷೆ ಮಾಡಬೇಕಂದ್ರೆ ನಾನು ಡಿಪಿಪಿಎಚ್ ಹತ್ರ ಹೋಗಲ್ಲ, ತುಪ್ಪವನ್ನೇ ಕೇಳ್ತೀನಿ. ಎಲೆ ಹಾಕಿದ ತುಪ್ಪ, ಹಾಕದ ತುಪ್ಪ ಎರಡನ್ನೂ ಬಿಸಿ ಮಾಡಿ, ಗಾಳಿ ಊದಿ, ಯಾವುದು ಎಷ್ಟು ಗಂಟೆ ತಡ್ಕೊಳ್ತು ಅಂತ ನೋಡೋ ಯಂತ್ರ ಇದೆ. ಪೆರಾಕ್ಸೈಡ್ ಅಳೆಯಬಹುದು. ಅದು ತುಪ್ಪದ ಬಗ್ಗೆ ತುಪ್ಪದಿಂದಲೇ ಬಂದ ಉತ್ತರ.

ಡಿಪಿಪಿಎಚ್ ಎಲ್ಲಿ ಚೆನ್ನ ಅಂದ್ರೆ, ಒಂದೇ ಪದಾರ್ಥದ ಬೇರೆ ಬೇರೆ ಬ್ಯಾಚ್ ಹೋಲಿಸೋಕೆ. ಈ ವರ್ಷದ ಮುರುಗಲು ಸಿಪ್ಪೆ ಬಿಸಿಲಲ್ಲಿ ಒಣಗಿಸಿದ್ದು, ನೆರಳಲ್ಲಿ ಒಣಗಿಸಿದ್ದು, ಎರಡರಲ್ಲಿ ಯಾವುದರ ಸತ್ವ ಹೆಚ್ಚು ಉಳೀತು? ಅದೇ ವಿಧಾನ, ಅದೇ ದಿನ, ಬ್ಲ್ಯಾಂಕ್ ಇಟ್ಟು ಅಳೆದ್ರೆ ಅದು ಪ್ರಾಮಾಣಿಕವಾಗಿ ಹೇಳುತ್ತೆ. ಹೃದಯದ ಬಗ್ಗೆ ಕೇಳಿದ್ರೆ ಅದಕ್ಕೆ ಬಾಯಿ ಇಲ್ಲ.

ನನ್ನ ಮಾತು ಇಷ್ಟು. ಪ್ರಶ್ನೆಗಳಿದ್ರೆ ಕೇಳಿ.

(ಹೈದರಾಬಾದಿನಿಂದ ಆನ್‌ಲೈನಲ್ಲಿ ಬಂದ ಪ್ರಶ್ನೆ: ಗ್ರೀನ್ ಟೀ ಬಿಡಬೇಕಾ?)

ಇಷ್ಟ ಇದ್ರೆ ಕುಡೀರಿ, ನಾನೂ ಕುಡೀತೀನಿ. ಎಲೆ ಹಾಕಿದ ಬಿಸಿನೀರು ಬೇರೆ, ಅದರ ಸಾರ ತುಂಬಿದ ಕ್ಯಾಪ್ಸೂಲ್ ಬೇರೆ. ಗ್ರೀನ್ ಟೀಯ ಮುಖ್ಯ ಪಾಲಿಫಿನಾಲ್ ಇಜಿಸಿಜಿ. ಅದನ್ನ ಮಾತ್ರೆಯಾಗಿ ದಿನಕ್ಕೆ 800 ಮಿಲಿಗ್ರಾಂ ಅಥವಾ ಹೆಚ್ಚು ತಗೊಂಡವರಲ್ಲಿ ಲಿವರ್‌ಗೆ ಪೆಟ್ಟಾಗಿರೋ ಸೂಚನೆ ರಕ್ತಪರೀಕ್ಷೆಯಲ್ಲಿ ಕಂಡಿದೆ ಅಂತ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಹೇಳಿದೆ. ತೂಕ ಇಳಿಸೋಕೆ ಅಂತ ಆ ಕ್ಯಾಪ್ಸೂಲ್ ತಗೊಳ್ಳೋರು ಸ್ವಲ್ಪ ನೋಡಿಕೊಳ್ಳಿ.

(ಸಭೆಯಿಂದ: ಮೇಡಂ, ಊರಿಂದ ತಂದ ಪುನರ್ಪುಳಿ ಸಿಪ್ಪೆ ಎರಡು ವರ್ಷದ್ದಿದೆ. ಬಳಸಬಹುದಾ?)

ಬೂಸ್ಟು ಬಂದಿಲ್ಲ ಅಂದ್ರೆ, ವಾಸನೆ ಸರಿ ಇದ್ರೆ ಸಾರಿಗೆ ಹಾಕಿ. ಹುಳಿ ಇದ್ದೇ ಇರುತ್ತೆ. ಕೆಂಪು ಹೋಗಿ ಕಂದು ಆಗಿದ್ರೆ ಆಂಥೋಸಯನಿನ್ ಹೋಯ್ತು ಅಂತ ಅರ್ಥ, ಬೆಳಕು, ಬಿಸಿ ಎರಡೂ ಅದಕ್ಕೆ ಆಗಲ್ಲ. ಮುಂದಿನ ಸಲ ಗಾಜಿನ ಬಾಟಲಿ ಬದಲು ಸ್ಟೀಲ್ ಡಬ್ಬದಲ್ಲಿ, ಒಲೆಯಿಂದ ದೂರ ಇಡಿ. ಪಾನಕ ಮಾಡಿದ್ರೆ ಸಕ್ಕರೆ ನೋಡಿ ಹಾಕಿ. ಅಂಗಡಿಯ ಕೋಕಮ್ ಸಿರಪ್ಪಿನಲ್ಲಿ ಹೆಚ್ಚಿನ ಪಾಲು ಸಕ್ಕರೆಯೇ.

(ಸಭೆಯಿಂದ: ನಮ್ಮ ತಂದೆಗೆ ಹುಬ್ಬಳ್ಳಿಯಲ್ಲಿ ಗಂಟಲಿನ ಕ್ಯಾನ್ಸರ್‌ಗೆ ರೇಡಿಯೇಷನ್ ನಡೀತಾ ಇದೆ. ಸಂಬಂಧಿಕರೊಬ್ಬರು ಆಂಟಿಆಕ್ಸಿಡೆಂಟ್ ಜ್ಯೂಸ್ ತಂದುಕೊಟ್ಟಿದ್ದಾರೆ, ಲ್ಯಾಬ್ ರಿಪೋರ್ಟೂ ತೋರಿಸಿದ್ರು. ಕೊಡಬಹುದಾ?)

ಸರ್, ನಾನು ಡಾಕ್ಟರ್ ಅಲ್ಲ. ಅದಕ್ಕೇ ಹೇಳ್ತೀನಿ, ಅವರ ಆಂಕಾಲಜಿಸ್ಟಿಗೆ ತೋರಿಸದೆ ಒಂದು ಚಮಚವೂ ಬೇಡ. ರೇಡಿಯೇಷನ್ ಕ್ಯಾನ್ಸರ್ ಕೋಶವನ್ನ ಕೊಲ್ಲೋದರಲ್ಲಿ ಹೆಚ್ಚಿನ ಪಾಲು ಕೋಶದ ನೀರಿನಿಂದ ಫ್ರೀ ರ್‍ಯಾಡಿಕಲ್ ಹುಟ್ಟಿಸಿಯೇ. ಅಲ್ಲಿ ಅದು ಶತ್ರು ಅಲ್ಲ, ಔಷಧಿ. ಕೆನಡಾದ ಕ್ವಿಬೆಕ್‌ನಲ್ಲಿ ತಲೆ ಮತ್ತು ಕುತ್ತಿಗೆ ಭಾಗದ ಕ್ಯಾನ್ಸರ್‌ಗೆ ರೇಡಿಯೇಷನ್ ಪಡೀತಿದ್ದ 540 ಜನರಲ್ಲಿ ಅರ್ಧದಷ್ಟು ಜನರಿಗೆ ವಿಟಮಿನ್ ಇ ಕೊಟ್ಟು ನೋಡಿದ್ರು. 2005ರಲ್ಲಿ ಫಲಿತಾಂಶ ಬಂತು. ಮಾತ್ರೆ ತಗೊಳ್ತಿದ್ದ ಅವಧಿಯಲ್ಲಿ ಅವರಲ್ಲಿ ಇನ್ನೊಂದು ಹೊಸ ಕ್ಯಾನ್ಸರ್ ಕಾಣಿಸಿಕೊಂಡದ್ದು ಹೆಚ್ಚು. ನಿಮ್ಮ ಜ್ಯೂಸಿನಲ್ಲಿ ಏನಿದೆ, ಎಷ್ಟಿದೆ ನನಗೆ ಗೊತ್ತಿಲ್ಲ. ಅವರು ತೋರಿಸಿದ ಲ್ಯಾಬ್ ರಿಪೋರ್ಟಿಗೂ ಗೊತ್ತಿರಲ್ಲ, ಅದರಲ್ಲಿರೋದು ನೇರಳೆ ಹಳದಿಯ ಲೆಕ್ಕ.

ತಂದುಕೊಟ್ಟವರ ಮೇಲೆ ಸಿಟ್ಟು ಮಾಡ್ಕೋಬೇಡಿ, ಪ್ರೀತಿಯಿಂದಲೇ ಕೊಟ್ಟಿರ್ತಾರೆ. ಬಾಟಲಿಯನ್ನ ಸದ್ಯ ಕಪಾಟಿನಲ್ಲಿಡಿ. ಅಮ್ಮನಿಗೆ ಇವತ್ತೇ ಫೋನ್ ಮಾಡಿ ಬಾಟಲಿಯ ಹಿಂಭಾಗದ ಫೋಟೋ ತರಿಸಿಕೊಳ್ಳಿ. ಮನೆಯಲ್ಲಿ ಅಪ್ಪ ತಗೊಳ್ತಿರೋ ಬೇರೆ ಪುಡಿ, ಲೇಹ್ಯ, ಕಷಾಯ ಏನಿದ್ರೂ ಒಂದು ಚೀಟಿಯಲ್ಲಿ ಬರೆಸಿ. ಮುಂದಿನ ಸಿಟಿಂಗ್ ಯಾವಾಗ ಅಂದ್ರಿ? ನಾಳೇನಾ? ಹಾಗಾದ್ರೆ ಚೀಟಿ, ಬಾಟಲಿ ಎರಡನ್ನೂ ನಾಳೆ ಜೊತೆಯಲ್ಲೇ ಕಳಿಸಿ, ಡಾಕ್ಟರ ಟೇಬಲ್ ಮೇಲೆ ಇಡಲಿ. ಕಾರ್ಯಕ್ರಮ ಮುಗಿದ ಮೇಲೆ ನನ್ನ ಹತ್ರ ಬನ್ನಿ, ಏನೇನು ಕೇಳಬೇಕು ಅಂತ ಇಬ್ಬರೂ ಕೂತು ಬರೆಯೋಣ.